ಎಣಿಸಿದರೆ ಒಬ್ಬ ಹೆಚ್ಚು

ಇಳಕಲ್ಲು, ಹುನಗುಂದ, ಬಾದಾಮಿ ಕಡೆ ಹೊಸದಾಗಿ ಎದ್ದ ಎಷ್ಟೋ ಮನೆಗಳ ಗೋಡೆಯೊಳಗೆ ಮುತ್ತಪ್ಪ ಎಳೆದ ತಂತಿಗಳಿವೆ. ಅವನ ಕೆಲಸದಲ್ಲಿ ಹೆಸರಿಡುವ ಹಾಗಿರಲಿಲ್ಲ. ಪೈಪು ನೂಲು ಹಿಡಿದ ಹಾಗೆ ನೆಟ್ಟಗೆ ಇರುತ್ತಿತ್ತು. ಬೋರ್ಡು ಬಿಚ್ಚಿ ನೋಡಿದರೆ ಒಳಗಿನ ತಂತಿಗಳು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಒಂದರ ಪಕ್ಕ ಒಂದು ಒರಗಿ ಮಲಗಿರುತ್ತಿದ್ದವು. ಆದರೆ ಇಡೀ ಮನೆಗೆ ತಂತಿ ಎಳೆದು, ಕೊನೆಯ ಸ್ಕ್ರೂ ಬಿಗಿದು, ಕೈ ಒರೆಸಿಕೊಂಡು ಮೇನ್ ಸ್ವಿಚ್ಚಿನ ಮುಂದೆ ಬಂದು ನಿಂತರೆ ಅವನ ಕೈ ಮೇಲೆ ಏಳುತ್ತಿರಲಿಲ್ಲ. ಕರೆಂಟು ಹರಿಸುವ ಆ ಒಂದು ಕ್ಷಣದ ಕೆಲಸಕ್ಕೆ ಬೇರೆ ಯಾರಾದರೂ ಬರಬೇಕಿತ್ತು.

"ಹೆಣ್ಣ ನೋಡ್ಯಾನ, ನಿಶ್ಚಯ ಮಾಡ್ಯಾನ, ಹಂದರ ಹಾಕ್ಯಾನ. ಅಕ್ಕಿಕಾಳ ಬೀಳೂ ಹೊತ್ತಿಗೆ ಓಡಿಹೋಗೂ ಮದುಮಗ ನೋಡ್ರಿ ಇಂವ," ಎಂದು ನವೀದ ಮನೆಯವರ ಮುಂದೆ ನಗೆಯಾಡುತ್ತಿದ್ದ. ನವೀದ ಇಳಕಲ್ಲಿನ ವಿದ್ಯುತ್ ಗುತ್ತಿಗೆದಾರ, ಮುತ್ತಪ್ಪನ ಧಣಿ. ವಯಸ್ಸಿನಲ್ಲಿ ಮುತ್ತಪ್ಪನಿಗಿಂತ ಆರೇಳು ವರ್ಷ ಚಿಕ್ಕವನು. ಹಾಗೆ ನಗೆಯಾಡುತ್ತಲೇ ತಾನೇ ಹೋಗಿ ಸ್ವಿಚ್ ಹಾಕುತ್ತಿದ್ದ. ದೀಪ ಹತ್ತುತ್ತಿತ್ತು. ಮನೆಯ ಹೆಣ್ಣುಮಕ್ಕಳು ದೀಪಕ್ಕೆ ಕೈ ಮುಗಿಯುತ್ತಿದ್ದರು. ಮುತ್ತಪ್ಪ ಅಷ್ಟು ಹೊತ್ತಿಗೆ ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತಿರುತ್ತಿದ್ದ.

ಅವನು ಜೈಲಿನಲ್ಲಿ ಕೆಲಸ ಕಲಿತು ಬಂದವನು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆ ಜೈಲಿಗೆ ಹೋದ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ಸ್ವಿಚ್ಚಿನ ಮುಂದೆ ನಿಂತಾಗ ಅವನಿಗೆ ಏನು ಕಾಣುತ್ತದೆ ಎಂಬುದು.

ಅವನ ಊರು ರಾಮಥಾಳದ ಆಚೆಗೆ, ನೂರಿನ್ನೂರು ಮನೆಗಳ ಹಳ್ಳಿ. ಮನೆತನಕ್ಕೆ ಬೀರಪ್ಪ ದೇವರು. ಹೊಲಕ್ಕೆ ನೀರು ಬಂದ ಮೇಲೆ ಮುತ್ತಪ್ಪ ಗೋವಿನಜೋಳ ಹಾಕುತ್ತಿದ್ದ. ತೆನೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳ ಕಾಟ ಸುರುವಾಗುತ್ತಿತ್ತು. ಒಂದು ಹಿಂಡು ನುಗ್ಗಿದರೆ ಅರ್ಧ ಎಕರೆ ನೆಲಕ್ಕೆ ಹಾಸಿ ಹೋಗುತ್ತಿತ್ತು. ಸುತ್ತಲಿನ ಹೊಲದವರು ಮಾಡಿದ್ದನ್ನೇ ಅವನೂ ಮಾಡಿದ. ಮೊಣಕಾಲುದ್ದದ ಗೂಟ ನೆಟ್ಟು, ಸುತ್ತ ಬರಿ ತಂತಿ ಬಿಗಿದು, ಪಂಪಿನ ಡಬ್ಬಿಯಿಂದ ಅದಕ್ಕೊಂದು ಎಳೆ ಕೊಟ್ಟ. ಮಾಡಬಾರದ ಕೆಲಸ ಎಂಬುದು ಗೊತ್ತಿತ್ತು. ಎಲ್ಲರೂ ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಎರಡನೆಯದು ಮೊದಲನೆಯದನ್ನು ಮುಚ್ಚಿಹಾಕಿತು.

ಪಂಪುಗಳಿಗೆ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಒಂದು ವಾರ ರಾತ್ರಿ, ಒಂದು ವಾರ ಹಗಲು. ರಾತ್ರಿ ಪಾಳಿಯ ವಾರದಲ್ಲಿ ನಸುಕಿನ ನಾಲ್ಕಕ್ಕೆ ಕರೆಂಟು ತಾನಾಗಿಯೇ ಹೋಗಿಬಿಡುತ್ತಿತ್ತು. ಅದಕ್ಕೇ ಯಾರೂ ಎದ್ದು ಹೋಗಿ ಬೇಲಿಯ ಎಳೆ ತೆಗೆಯುತ್ತಿರಲಿಲ್ಲ. ಹೊತ್ತು ಹುಟ್ಟುವುದರೊಳಗೆ ತಂತಿ ಸತ್ತಿರುತ್ತದೆ ಎಂದು ಎಲ್ಲರಿಗೂ ನಂಬಿಕೆ.

ಸೋಮಲಿಂಗ ಪಕ್ಕದ ಊರಿನ ಕುರಿಗಾರ. ಅವನೂ ಬೀರಪ್ಪನ ಒಕ್ಕಲು, ಮುತ್ತಪ್ಪನ ಜೊತೆ ಒಂದೇ ಮೇಳದಲ್ಲಿ ಡೊಳ್ಳು ಬಾರಿಸುವವನು. ಪ್ರತಿ ವರ್ಷ ಪೈರು ಎತ್ತಿದ ಮೇಲೆ ಸೋಮಲಿಂಗನ ಕುರಿಗಳು ಮುತ್ತಪ್ಪನ ಹೊಲದಲ್ಲಿ ನಾಲ್ಕು ರಾತ್ರಿ ತರುಬುತ್ತಿದ್ದವು. ಕುರಿ ಮಲಗಿದ ನೆಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳುಕಡಿ ಮತ್ತು ಊಟ. ಆ ವರ್ಷ ಯಾವ ದಿನ ತರುಬುವುದು ಎಂದು ಕೇಳಲು ಅವನು ಸಂಜೆ ಫೋನು ಮಾಡಿದ್ದ. ಮುತ್ತಪ್ಪ ಹೇಳಿದ್ದ, "ನಾಳೆ ಹೊತ್ತ ಹೊಂಡೂದ್ರಾಗ ಹೊಲಕ್ಕ ಬಾರಪಾ. ಅಲ್ಲೇ ನಿಂತ ನೋಡಿ ಮಾತಾಡೂಣು. ನಾ ಮೊದಲ ಹೋಗಿರ್ತೇನಿ."

ಮರುದಿನ ಸೋಮವಾರ. ಪಾಳಿ ಬದಲಾಗಿತ್ತು. ನಾಲ್ಕಕ್ಕೆ ಹೋದ ಕರೆಂಟು ಹಗಲಿನ ಪಾಳಿ ಹಿಡಿದು ಆರಕ್ಕೆ ಮತ್ತೆ ಬಂತು. ಮುತ್ತಪ್ಪನಿಗೆ ಎಚ್ಚರವಾದದ್ದು ಆರೂಕಾಲಕ್ಕೆ. ಓಡುತ್ತ ಹೋದಾಗ ಸೋಮಲಿಂಗ ಬೇಲಿಯ ಹತ್ತಿರ ಸತ್ತು ಬಿದ್ದಿದ್ದ. ಎಡ ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಪಾದ ಮಂಜಿನಲ್ಲಿ ನೆನೆದಿದ್ದವು. ದಾಟಲಿಕ್ಕೆಂದು ತಂತಿಯನ್ನು ಕೈಯಿಂದ ತುಸು ಎತ್ತಿ ಹಿಡಿದಿದ್ದ.

ಬಾಗಲಕೋಟೆಯ ಕೋರ್ಟಿನಲ್ಲಿ ವಕೀಲರು ಏನೇನೋ ಹೇಳಿಕೊಟ್ಟಿದ್ದರು. ನ್ಯಾಯಾಧೀಶರು ಕೇಳಿದಾಗ ಮುತ್ತಪ್ಪ ಅದೆಲ್ಲ ಮರೆತು, "ಬಾ ಅಂತ ಕರದಾಂವ ನಾನ ರಿ," ಎಂದ. ಐದು ವರ್ಷ ಶಿಕ್ಷೆ ಆಯಿತು.

ಜೈಲಿಗೆ ಹೋದ ಎರಡನೆಯ ವರ್ಷ ಅಲ್ಲಿ ಕಸುಬು ಕಲಿಸುವ ವರ್ಗಗಳು ಸುರುವಾದವು. ಹೊಲಿಗೆ, ಬಡಿಗತನ, ವೈರಿಂಗ್. ಯಾರಿಗೆ ಯಾವುದು ಎಂದು ಒಬ್ಬ ಸಿಬ್ಬಂದಿ ಫೈಲು ನೋಡಿ ಬರೆಯುತ್ತ ಹೋಗುತ್ತಿದ್ದ. ಮುತ್ತಪ್ಪನ ಫೈಲು ತೆರೆದು, "ನಿನಗ ಕರೆಂಟಿನ ಕೆಲಸ ಗೊತ್ತಿರಬೇಕಲ್ಲ?" ಎಂದ. ಚೇಷ್ಟೆಗೆ ಅಂದದ್ದೋ, ಖರೆಯಾಗಿ ಅಂದದ್ದೋ ತಿಳಿಯಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವನು, "ಲೈನ್‌ಮನ್ ಸಾಹೇಬ್ರ ಬಂದ್ರು, ಸರೀರೆಲೇ," ಎಂದ. ಸಾಲೆಲ್ಲ ನಕ್ಕಿತು. ಮುತ್ತಪ್ಪ ಹೊಲಿಗೆ ಕೊಡಿ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಹೆಸರು ಬರೆದಾಗಿತ್ತು.

ಕಲಿಸಲು ಬಂದವರು ಹುನಗುಂದದ ಮುರ್ತುಜಸಾಬ ಮಾಸ್ತರು. ಮೂವತ್ತು ವರ್ಷ ತಾಂತ್ರಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಗಡ್ಡ ಬೆಳ್ಳಗೆ, ಬಲಗೈಯ ಎರಡು ಬೆರಳ ತುದಿ ಸುಟ್ಟು ಗಟ್ಟಿಯಾಗಿದ್ದವು. ಮೊದಲ ದಿನ ಆ ಬೆರಳು ತೋರಿಸಿ, "ಇದು ನನ್ನ ಡಿಗ್ರಿ," ಎಂದರು.

ಆ ಕೋಣೆಯ ರೀತಿಯೇ ಬೇರೆ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಹತ್ಯಾರದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಇಕ್ಕಳ ತೆಗೆದರೆ ಇಕ್ಕಳದ ನೆರಳು ಉಳಿಯುತ್ತಿತ್ತು. ಸಂಜೆ ಎಲ್ಲ ನೆರಳುಗಳೂ ತುಂಬಿದ ಮೇಲೆಯೇ ಬಾಗಿಲು ತೆರೆಯುವುದು. ಮುತ್ತಪ್ಪ ಮೊದಮೊದಲು ಆ ಖಾಲಿ ನೆರಳುಗಳನ್ನು ನೋಡುತ್ತ ಕೂಡುತ್ತಿದ್ದ. ತಂತಿ ಮುಟ್ಟುತ್ತಿರಲಿಲ್ಲ. ಮಾಸ್ತರು ಬೈಯಲಿಲ್ಲ. ಕರೆಂಟಿಲ್ಲದ ಒಂದು ಮಾರು ತಂತಿ ಕೊಟ್ಟು, "ಇದನ್ನ ಕಿಸೆದಾಗ ಇಟ್ಕೊ. ವಾರಗಟ್ಟಲೆ ಇರಲಿ. ತಂತಿ ಏನೂ ಮಾಡೂದುಲ್ಲ ತಮ್ಮಾ, ತಾಮ್ರ ಅದು. ಮಾಡೂದೆಲ್ಲ ನಾವ," ಎಂದರು.

ಆರು ತಿಂಗಳಲ್ಲಿ ಹನ್ನೆರಡು ಮಂದಿ ಶಿಷ್ಯರಲ್ಲಿ ಮುತ್ತಪ್ಪನ ಕೈ ಎಲ್ಲರಿಗಿಂತ ಹದವಾಯಿತು. ಆಗ ಬಂತು ಕರೆಂಟು ಹರಿಸುವ ಪಾಠ. ಮಾಸ್ತರ ನಿಯಮ ಕಡಕ್ಕಾಗಿತ್ತು. "ಸ್ವಿಚ್ ಹಾಕೂ ಮುಂದ ಮೂರ ಕೆಲಸ. ತಂತಿ ಎಲ್ಲೆಲ್ಲಿ ಹೋಗೇತಿ ಅಲ್ಲೆಲ್ಲಾ ನಡದ ನೋಡ್ರಿ. ಬಾಯಿಬಿಟ್ಟ ಕೂಗ್ರಿ. ಆಮ್ಯಾಲೆ ಮಂದಿನ ಎಣಸ್ರಿ. ಎಣಿಕಿ ಸರಿ ಬರೂತನಾ ಕೈ ಹಚ್ಚಬ್ಯಾಡ್ರಿ."

ಮುತ್ತಪ್ಪನ ಸರದಿ ಬಂದಾಗ ಉಳಿದ ಹನ್ನೊಂದು ಮಂದಿ ಗೋಡೆಗೆ ಸಾಲಾಗಿ ನಿಂತರು. ಅವನು ಕೋಣೆಯ ಉದ್ದಕ್ಕೂ ನಡೆದ, ಕೂಗಿದ, ಬೆರಳು ಮಾಡಿ ಎಣಿಸಿದ.

"ಎಷ್ಟು?" ಎಂದರು ಮಾಸ್ತರು.

"ಹನ್ನೆಲ್ಡು ರಿ."

"ನಿನ್ನನ್ನೂ ಹಿಡದೇನು?"

"ನನ್ನ ಬಿಟ್ಟ ರಿ."

ಶಿಷ್ಯರು ನಕ್ಕರು. "ಹೊರಗಿನವ ಒಬ್ಬ ಜೈಲಿನಾಗ ನುಗ್ಯಾನ್ರಿ, ಹಿಡೀರಿ," ಎಂದ ಒಬ್ಬ. ಮಾಸ್ತರು ನಗಲಿಲ್ಲ. ಮುತ್ತಪ್ಪನ ಬೆರಳು ನಿಂತ ಕಡೆ ನೋಡಿದರು. ಅದು ಸಾಲಿನಲ್ಲಿ ನಿಂತವರ ಕಡೆ ಇರಲಿಲ್ಲ. ತಂತಿ ಹಾದುಹೋದ ಮೂಲೆಯ ಕಡೆ ಇತ್ತು. ಅಲ್ಲಿ ಬರಿ ಗೋಡೆ.

ಅಂದಿನಿಂದ ಪ್ರತಿ ಸಲವೂ ಹಾಗೆಯೇ. ಎಣಿಸಿದರೆ ಒಬ್ಬ ಹೆಚ್ಚು. ಹೆಗಲ ಮೇಲೆ ಕಂಬಳಿ, ನೆನೆದ ಪಾದ, ಮುಖ ಆಚೆ ತಿರುಗಿಸಿ, ತಂತಿಯ ಮೇಲೆ ಬಾಗಿ ನಿಂತ ಮನುಷ್ಯ. ಮಾತಾಡುತ್ತಿರಲಿಲ್ಲ, ಹೆದರಿಸುತ್ತಿರಲಿಲ್ಲ. ದಾಟಲಿಕ್ಕೆ ತಂತಿ ಎತ್ತಬೇಕೆನ್ನುವ ಆ ಕ್ಷಣದಲ್ಲೇ ನಿಂತಿರುತ್ತಿದ್ದ. ಅವನು ಅಲ್ಲಿರುವಾಗ ಸ್ವಿಚ್ ಹಾಕುವುದು ಹೇಗೆ?

ಪರೀಕ್ಷೆಗೆ ಬಂದ ಅಧಿಕಾರಿ ಕೆಲಸ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಮೆಚ್ಚಿ ಹೋದ. ಸ್ವಿಚ್ ಹಾಕಿದ್ದು ಬೇರೆ ಶಿಷ್ಯ. ಪ್ರಮಾಣಪತ್ರ ಬಂತು. ಬಿಡುಗಡೆಯ ಹಿಂದಿನ ದಿನ ಮಾಸ್ತರು ಮುತ್ತಪ್ಪನನ್ನು ಕರೆದು, "ನಿನಗ ಪೂರಾ ಕಲಿಸಿಲ್ಲ ನಾನು. ಅರ್ಧಾ ಕಲಿಸಿ ಕಳಸಾಕತ್ತೇನಿ. ಅದು ನನ್ನ ತಪ್ಪು," ಎಂದರು. ಇಳಕಲ್ಲಿನ ತಮ್ಮ ಹಳೆಯ ಶಿಷ್ಯ ನವೀದನಿಗೆ ಫೋನು ಮಾಡಿ ಇವನ ಕೆಲಸಕ್ಕೆ ಹೇಳಿದರು.

ಮುತ್ತಪ್ಪ ಊರಿಗೆ ಹೋಗಲಿಲ್ಲ. ಹೊಲ ಅಣ್ಣನ ಕೈಯಲ್ಲಿತ್ತು. ಹೆಂಡತಿ ಮಾದೇವಿ ಅವನು ಜೈಲಿನಲ್ಲಿದ್ದಾಗಲೇ ಇಳಕಲ್ಲಿಗೆ ಬಂದು, ಒಂದು ಕೋಣೆ ಹಿಡಿದು, ಸೀರೆಗಳಿಗೆ ಕುಚ್ಚು ಕಟ್ಟಿ ಬದುಕಿದ್ದಳು. "ಊರಿಗೆ ಹೋದ್ರ ನಿನಗ ಬ್ಯಾರೆ ಹೆಸರಿಲ್ಲ. ಬೇಲಿ ಮುತ್ತ್ಯಾ ಅಂತಾರ. ಇಲ್ಲಿ ಒಂದು ಕಸಬು ಹಿಡಿ, ಆ ಹೆಸರಲೆ ಕರೀಲಿ," ಎಂದಳು. ಅವನಿಗೂ ಅದೇ ಬೇಕಿತ್ತು. ಗುತ್ತಿಗೆದಾರನ ಕೈಕೆಳಗೆ ಒಂದು ವರ್ಷ ದುಡಿದು, "ಈತ ಮೊದಲಿನಿಂದ ಕೊನೆಯತನಕ ಕೆಲಸವನ್ನು ಒಬ್ಬನೇ ಮಾಡಬಲ್ಲ" ಎಂದು ಧಣಿ ಸಹಿ ಹಾಕಿಕೊಟ್ಟರೆ ವೈರ್‌ಮನ್ ಪರವಾನಗಿಗೆ ಅರ್ಜಿ ಹಾಕಬಹುದಿತ್ತು. ಆ ಸಹಿ ಇಲ್ಲದಿದ್ದರೆ ಜೀವನವಿಡೀ ಯಾರದೋ ಏಣಿ ಹೊರುವುದು, ಇಲ್ಲವೆ ಆ ಹೊಲಕ್ಕೇ ತಿರುಗಿ ಹೋಗುವುದು.

ನವೀದ ಹೆಚ್ಚುಕಡಿಮೆ ಒಂದು ವರ್ಷ ತಾಳಿದ. ಅವನ ತಾಳ್ಮೆ ಮುಗಿದದ್ದು ಬಾದಾಮಿಯಲ್ಲಿ.

ಅಲ್ಲಿ ಒಂದು ಹೊಸ ಲಾಡ್ಜಿನ ಕೆಲಸ ಮುಗಿದಿತ್ತು. ನವೀದ ಸಾಮಾನು ತರಲು ಬಾಗಲಕೋಟೆಗೆ ಹೋಗಿದ್ದ. ಲಾಡ್ಜಿನ ಮಾಲೀಕನ ಕಡೆಗೆ ಅಂದೇ ಮಧ್ಯಾಹ್ನ ಪ್ರವಾಸಿಗಳು ಬರುವವರಿದ್ದರು. ಮಾಲೀಕ ಮತ್ತು ಬಣ್ಣ ಹಚ್ಚುವ ಇಬ್ಬರು, ಒಟ್ಟು ಮೂವರು ಇದ್ದರು. ಮುತ್ತಪ್ಪ ಎಣಿಸಿದ. ನಾಲ್ಕು. ಮೇಲಿನ ಮಹಡಿಗೆ ಹೋಗಿ ಬಂದು ಮತ್ತೆ ಎಣಿಸಿದ. ನಾಲ್ಕು. ಬೋರ್ಡಿನ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟ. ಪ್ರವಾಸಿಗಳು ಬಂದು ಬೆವರಿ, ಬೈದು, ಬೇರೆ ಲಾಡ್ಜಿಗೆ ಹೋದರು. ನವೀದ ಬಂದಾಗ ಮೂರೂವರೆ. ಸ್ವಿಚ್ ಹಾಕಿದ, ಮಾಲೀಕನ ಕೈಕಾಲು ಹಿಡಿದ, ಹೊರಗೆ ಬಂದು ಮುತ್ತಪ್ಪನ ಎದುರಿಗೆ ನಿಂತ.

"ಮುತ್ತಣ್ಣ, ನಿನಗ ಒಂದ ಮಾತ ಹೇಳ್ತೇನಿ, ಸಿಟ್ಟಿಗೇಳಬ್ಯಾಡ. ಮುಂದಿನ ವಾರಕ್ಕ ನಿಂದು ವರ್ಷ ತುಂಬತೈತಿ. ಫಾರ್ಮ್ ನನ್ನ ಹಂತೇಕ ಐತಿ. ಖರೆ ಅಲ್ಲದ್ದಕ್ಕ ನಾ ಸಹಿ ಹಾಕೂದುಲ್ಲ. ಮಾಸ್ತರು ಕಲಿಸಿದ ಕೈ ಇದು."

"ಅಂವ ಅಲ್ಲಿ ನಿಂತಿರ್ತಾನ, ನವೀದಭಾಯ್," ಎಂದ ಮುತ್ತಪ್ಪ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಯಾರು?"

"ಸೋಮಲಿಂಗ."

ನವೀದ ಹೋಗಿ ಬೈಕು ಹತ್ತಿ ಕುಳಿತ. ಆಮೇಲೆ, "ಗ್ರಾನೈಟ್ ಫ್ಯಾಕ್ಟರಿದು ಶುಕ್ರವಾರ ಐತಿ. ಅಲ್ಲಿ ನೀನ ಹಾಕಬೇಕು. ಹಾಕಲಿಲ್ಲಂದ್ರ ಅಲ್ಲಿಗೆ ಮುಗೀತು," ಎಂದು ಬೈಕು ಚಾಲೂ ಮಾಡಿದ.

ಆ ರಾತ್ರಿ ಊಟ ಮಾಡುವಾಗ ಮುತ್ತಪ್ಪ ಮಾದೇವಿಗೂ ಅದನ್ನೇ ಹೇಳಿದ. ಮಾದೇವಿ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. "ನನಗ ಗೊತ್ತಿತ್ತು. ನೀ ಮನ್ಯಾಗ ಲೈಟ್ ಹಾಕೂದನ್ನೂ ನನಗ ಹೇಳ್ತೀ," ಎಂದಳು. ಇಷ್ಟು ದಿನ ಅದು ಅವನಿಗೇ ಗೊತ್ತಿರಲಿಲ್ಲ.

ಗ್ರಾನೈಟ್ ಕಾರ್ಖಾನೆ ಇಳಕಲ್ಲಿನ ಹೊರಗೆ, ಹೊಸದಾಗಿ ಎಬ್ಬಿಸಿದ ದೊಡ್ಡ ತಗಡಿನ ಶೆಡ್ಡು. ಕಲ್ಲಿನ ಹಾಸುಗಳನ್ನು ಕನ್ನಡಿಯಂತೆ ಹೊಳಪು ಮಾಡುವ ಯಂತ್ರ ಮಧ್ಯದಲ್ಲಿ ಕುಳಿತಿತ್ತು. ಅದಕ್ಕೆ ನೀರು ಬಿಟ್ಟು ನೋಡಿದ್ದರಿಂದ ನೆಲದ ತುಂಬ ಬೂದುಬಣ್ಣದ ರಾಡಿ. ಮಾಲೀಕ ಪ್ರವೀಣಕುಮಾರ ಇನ್ನೂ ಹರೆಯದವನು, ಮೊದಲ ಸಲ ಸ್ವಂತ ಧಂದೆ ಮಾಡುತ್ತಿದ್ದ. ಅವಸರದಲ್ಲಿದ್ದ. ಮೂವರು ಕೆಲಸಗಾರರಿದ್ದರು. ಚಹಾ ಮಾಡಿ, ನೆಲ ತೊಳೆಯುವ ಮುದುಕಿ ಶಮಶಾದಬಿ ಇದ್ದಳು. ನವೀದನನ್ನೂ ಸೇರಿಸಿ ಆರು ಮಂದಿ.

ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು. ಮುತ್ತಪ್ಪ ಕೈ ಒರೆಸಿಕೊಂಡು ತಂತಿಯ ದಾರಿ ಹಿಡಿದು ನಡೆದ. ಬೋರ್ಡಿನಿಂದ ಕಂಬಕ್ಕೆ, ಕಂಬದಿಂದ ಯಂತ್ರಕ್ಕೆ, ಯಂತ್ರದಿಂದ ನೀರಿನ ಪಂಪಿಗೆ. "ಯಾರರೆ ಅದೀರೇನ್ರಿ? ಹೊರಗ ಬರ್ರಿ!" ಎಂದು ಕೂಗಿದ. ಆರೂ ಮಂದಿ ಬಾಗಿಲ ಹತ್ತಿರದ ಒಣ ಕಟ್ಟೆಯ ಮೇಲೆ ಬಂದು ನಿಂತರು. ಮುತ್ತಪ್ಪ ಬೋರ್ಡಿನ ಮುಂದೆ ನಿಂತು ಬೆರಳು ಮಾಡಿ ಎಣಿಸಿದ.

ಏಳು.

ಹೊಳಪು ಮಾಡಿದ ಕಲ್ಲುಗಳು ಸುತ್ತಲೂ ನಿಂತಿದ್ದವು. ಅವುಗಳಲ್ಲಿ ಮಂದಿಯ ನೆರಳು ಬೀಳುತ್ತಿತ್ತು. ಅದನ್ನೇ ಎಣಿಸಿದೆನೇನೋ ಎಂದು ಮುತ್ತಪ್ಪ ಕಲ್ಲುಗಳಿಗೆ ಬೆನ್ನು ಮಾಡಿ ಮತ್ತೆ ಎಣಿಸಿದ. ಏಳು. ಏಳನೆಯವನು ಕಟ್ಟೆಯ ಮೇಲಿರಲಿಲ್ಲ. ಯಂತ್ರದ ಆಚೆ, ರಾಡಿಯಲ್ಲಿ, ತಂತಿ ಇಳಿದ ಜಾಗದಲ್ಲಿ ಬಾಗಿ ನಿಂತಿದ್ದ.

"ಏನಾತ ರಿ, ಮುಹೂರ್ತ ಬಂದಿಲ್ಲೇನು ಇನ್ನಾ?" ಎಂದ ಪ್ರವೀಣಕುಮಾರ.

"ತಡೀರಿ," ಎಂದ ನವೀದ. ಅವನ ಕಣ್ಣು ಮುತ್ತಪ್ಪನ ಮೇಲಿತ್ತು. ಸ್ವಿಚ್ಚಿನ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಮುತ್ತಪ್ಪನ ಕೈ ಅರ್ಧಕ್ಕೆ ಎದ್ದು ಇಳಿಯಿತು. ಹತ್ತು ನಿಮಿಷ ಹೋಯಿತು. ಕೆಲಸಗಾರರು ಬೀಡಿ ಹಚ್ಚಿದರು. "ಕರೆಂಟಿನವಗ ಕರೆಂಟ್ ಅಂದ್ರ ಅಂಜಿಕಿ. ಈಜು ಕಲಿಸಾಂವ ಬಾಂವಿ ನೋಡಿ ಓಡಿದ್ನಂತ," ಎಂದು ಒಬ್ಬ ಗೊಣಗಿದ. ಮುತ್ತಪ್ಪ ಬೋರ್ಡಿಗೆ ಹಣೆ ಒರಗಿಸಿ ನಿಂತ. ಇಷ್ಟೇ, ಮುಗಿಯಿತು ಎಂದುಕೊಂಡ. ಏಣಿ ಹೊರುವುದು, ಇಲ್ಲವೆ ಆ ಹೊಲ.

ನಿಂತು ಬೇಸರ ಬಂದ ಶಮಶಾದಬಿ ಚಹಾದ ಪಾತ್ರೆ ತೊಳೆಯಲು ಕುಳಿತಳು. ಒಲೆಯ ಮೇಲೆ ಕುದಿಯುತ್ತಿದ್ದ ನೀರು ಸುರಿದು, ಗಲಬರಿಸಿ, ಗೋಡೆಯಾಚೆಯ ಮೋರಿಗೆ ಚೆಲ್ಲುವ ಮೊದಲು ಬಾಗಿ, "ಬಿಸ್ಮಿಲ್ಲಾ. ಸರೀರಿ, ಬಿಸಿನೀರೈತಿ," ಎಂದಳು. ತುಸು ತಡೆದಳು. ಆಮೇಲೆ ಚೆಲ್ಲಿದಳು.

ಮುತ್ತಪ್ಪ ತಲೆ ಎತ್ತಿದ. ಮೋರಿಯ ಹತ್ತಿರ ಯಾರೂ ಇರಲಿಲ್ಲ.

"ಯಾರಿಗೆ ಹೇಳಿದೆ ಯವ್ವಾ?"

"ಅಯ್, ಯಾರಿಗೆ ಅಂದ್ರ? ನಮ್ಮ ಕಣ್ಣಿಗೆ ಕಾಣಲಾರದವರೂ ಇರ್ತಾರ ತಮ್ಮಾ. ಮೋರ್ಯಾಗ, ಮೂಲ್ಯಾಗ, ಗಿಡದ ಬುಡಕ. ಅವರಿಗೂ ಬಿಸಿ ಹತ್ತತೈತಿ. ನಮ್ಮವ್ವ ಹೇಳೂದನ್ನ ಬಿಡಾಕ ಕೊಡತಿರಲಿಲ್ಲ."

"ಹೇಳಿದ್ರ ಸರೀತಾರ?"

ಮುದುಕಿ ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ಹೇಳೂದ ನಮ್ಮ ಕೆಲಸ. ಸರಿಯೂದ ಅವರ ಕೆಲಸ. ಹೇಳದನ ಚೆಲ್ಲಿದ್ರ ಪಾಪ ನಮಗ. ಹೆಸರ ಗೊತ್ತಿದ್ರ ಹೆಸರ ಹಿಡದ ಕರಿಬೇಕು. ನಮಗ ಅವರ ಹೆಸರ ಗೊತ್ತಿಲ್ಲ, ಅದಕ್ಕ ಬಿಸ್ಮಿಲ್ಲಾ ಅಂತೇವಿ."

ಮುತ್ತಪ್ಪನಿಗೆ ಹೆಸರು ಗೊತ್ತಿತ್ತು. ಎಷ್ಟು ವರ್ಷದಿಂದ ಪ್ರತಿ ಸಲ "ಯಾರರೆ ಅದೀರೇನ್ರಿ" ಎಂದು ಕೂಗಿದ್ದ. ಯಾರು ಇದ್ದಾರೆ ಎಂದು ಗೊತ್ತಿದ್ದೂ ಯಾರರೆ ಎಂದು ಕೂಗಿದ್ದ.

ಅವನು ಯಂತ್ರದ ಕಡೆ ತಿರುಗಿದ. ಅವನ ಬಾಯಿಂದ ಬಂದ ಕೂಗು ಒಂದು ಶೆಡ್ಡಿನೊಳಗೆ ಕೂಗುವಂಥದಾಗಿರಲಿಲ್ಲ. ಎರಡು ಹೊಲದಾಚೆ ನಡೆದುಬರುತ್ತಿರುವವನನ್ನು ತಡೆಯಲು ಕೂಗುವಂಥದಾಗಿತ್ತು.

"ಸೋಮಲಿಂಗಾ! ಲೇ ಸೋಮಲಿಂಗಾ! ನಿಂದ್ರಲೇ ಅಲ್ಲೇ! ತಂತಿ ಮುಟ್ಟಬ್ಯಾಡ! ಕರೆಂಟೈತಿ! ಹಿಂದಕ ಸರಿ! ಸುತ್ತ ಹಾಕ್ಕೊಂಡ ಈ ಕಡೆ ಬಾ!"

ತಗಡಿನ ಮಾಡು ಗುಂಯ್‌ಗುಟ್ಟಿತು. ಬೀಡಿ ಸೇದುತ್ತಿದ್ದವರು ಕೆಳಗೆ ಹಾಕಿದರು. ಪ್ರವೀಣಕುಮಾರ ಒಂದು ಹೆಜ್ಜೆ ಹಿಂದೆ ಸರಿದ. ಮುತ್ತಪ್ಪನ ಕುತ್ತಿಗೆಯ ನರ ಉಬ್ಬಿದ್ದವು. ಅವನು ಯಂತ್ರದ ಆಚೆಯಿಂದ ಕಟ್ಟೆಯ ಕಡೆ ಮೆಲ್ಲಗೆ ಕಣ್ಣು ಸರಿಸಿದ. ಯಾರೋ ರಾಡಿಯಲ್ಲಿ ಸುತ್ತು ಹಾಕಿ ನಡೆದು ಬರುವುದನ್ನು ನೋಡುವ ಹಾಗೆ. ಕಣ್ಣು ಕಟ್ಟೆಯ ತುದಿಗೆ ಬಂದು ನಿಂತಿತು. ಆ ತುದಿಯಲ್ಲಿದ್ದ ಶಮಶಾದಬಿ, ಯಾರೂ ಹೇಳದೆಯೇ, ಸೀರೆ ಒತ್ತಿಕೊಂಡು ಒಂದು ಗೇಣು ಸರಿದು ಜಾಗ ಬಿಟ್ಟಳು.

ಮುತ್ತಪ್ಪ ಮತ್ತೆ ಎಣಿಸಿದ.

"ಎಷ್ಟ ಮಂದಿ ಅದೇವಿ?" ಎಂದ ನವೀದ. ಮಾಸ್ತರು ಕೇಳುತ್ತಿದ್ದ ರೀತಿಯಲ್ಲೇ ಕೇಳಿದ.

"ಏಳು."

ಪ್ರವೀಣಕುಮಾರ, "ಆರು ಅಲ್ಲೇನ್ರಿ?" ಎಂದ. ನವೀದ ಕೈ ಎತ್ತಿ ಅವನನ್ನು ಸುಮ್ಮನಿರಿಸಿದ.

"ಏಳು," ಎಂದ ಮುತ್ತಪ್ಪ. "ಎಲ್ಲಾರೂ ಹೊರಗದಾರ."

"ಹಂಗಾರ ಹಾಕು."

ಮುತ್ತಪ್ಪ ಹಾಕಿದ. ಒಂದು ಸಣ್ಣ ಕಟಕ್ಕೆಂಬ ಸದ್ದು, ಆಮೇಲೆ ಯಂತ್ರದ ಗುಡುಗು, ನೀರಿನ ಚಿಮ್ಮು. ಯಂತ್ರ ಕಲ್ಲಿನ ಮೇಲೆ ತಿರುಗತೊಡಗಿತು. ಅವನು ಕಣ್ಣು ಕೀಳದೆ ಅದನ್ನೇ ನೋಡಿದ. ಎಷ್ಟು ಹೊತ್ತು ಎಂದು ಯಾರೂ ನೋಡಲಿಲ್ಲ. ಯಾರೂ ಬೀಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಕೈ ಸ್ವಿಚ್ಚಿನ ಮೇಲೆಯೇ ಇತ್ತು. ನವೀದ ಬಂದು ಬೆರಳು ಬಿಡಿಸಬೇಕಾಯಿತು.

ಫಾರ್ಮನ್ನು ನವೀದ ಬೈಕಿನ ಸೀಟಿನ ಮೇಲೆ ಇಟ್ಟು ಸಹಿ ಹಾಕಿದ. "ಮಾಸ್ತರಿಗೆ ನೀನ ಫೋನ್ ಮಾಡು," ಎಂದಷ್ಟೇ ಅಂದ. ಮುತ್ತಪ್ಪ ಫೋನು ಮಾಡಿದ. ಮುರ್ತುಜಸಾಬರು ಎಲ್ಲ ಕೇಳಿ, "ಕೂಗಬೇಕು ಅಂತ ನಾ ಹೇಳಿದ್ದೆ. ಹೆಸರ ಹಿಡದ ಕೂಗು ಅಂತ ಹೇಳಾಕ ನನಗ ಬುದ್ಧಿ ಆಗಲಿಲ್ಲ," ಎಂದರು.

ಮನೆಯಲ್ಲಿ ಮಾದೇವಿ ಕಾಯುತ್ತಿದ್ದಳು. ಅವನ ಮುಖ ನೋಡಿಯೇ ತಿಳಿದುಕೊಂಡಳು. ಕುಚ್ಚು ಕಟ್ಟುತ್ತಿದ್ದ ಸೀರೆ ಬದಿಗಿಟ್ಟು ಚಹಾ ಕೊಟ್ಟಳು. ನಡೆದದ್ದನ್ನೆಲ್ಲ ಕೇಳಿದಳು. ಕಡೆಗೆ ಒಂದೇ ಮಾತು ಕೇಳಿದಳು.

"ಹೊರಗ ಬಂದಾಂವ ಎಲ್ಲಿಗೆ ಹ್ವಾದ?"

ಸ್ವಿಚ್ ಹಾಕಿದ ಮೇಲೆ ಮುತ್ತಪ್ಪ ಯಂತ್ರವನ್ನಷ್ಟೇ ನೋಡಿದ್ದ. ಕಟ್ಟೆಯ ತುದಿಯ ಕಡೆ ತಿರುಗಿ ನೋಡಿಯೇ ಇರಲಿಲ್ಲ.

ನಾಲ್ಕು ದಿನ ಬಿಟ್ಟು ಚೊಳಚಗುಡ್ಡದಲ್ಲಿ ಕೆಲಸವಿತ್ತು. ಬನಶಂಕರಿ ಗುಡಿಗೆ ಬರುವ ಭಕ್ತರಿಗೆಂದು ಒಬ್ಬರು ಕಟ್ಟಿಸಿದ ಮೂರು ಕೋಣೆ. ನವೀದ ಜೊತೆಗೆ ಬಂದಿರಲಿಲ್ಲ. ಮುತ್ತಪ್ಪ ಒಬ್ಬನೇ. ಮಧ್ಯಾಹ್ನ ಕೆಲಸ ಮುಗಿಸಿ, ತಂತಿಯ ದಾರಿ ನಡೆದು, ಮನೆಯವರನ್ನು ಹೊರಗೆ ಕರೆದ. ಗಂಡ, ಹೆಂಡತಿ, ಹೆಂಡತಿಯ ತಂಗಿ. ಎಣಿಸಿದ.

ಮೂರು.

ಮತ್ತೆ ಎಣಿಸಿದ. ಮೂರೇ. ಕೋಣೆಗಳೊಳಗೆ ಹೋಗಿ ನೋಡಿದ. ಹಿಂದಿನ ಗೋಡೆಯಾಚೆ ಹೋದ, ಬಾಳೆಯ ಗಿಡಗಳ ನಡುವೆ ನೋಡಿದ. ಎಲ್ಲ ಕಡೆ ಖಾಲಿ. ಎಣಿಕೆ ಸರಿ ಬಂದ ದಿನ ಹಗುರಾಗುತ್ತದೆ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಆದರೆ ಜೈಲಿನಲ್ಲಿ ಸಂಜೆಯ ಎಣಿಕೆಯಲ್ಲಿ ಒಬ್ಬ ಕಡಿಮೆ ಬಿದ್ದಾಗ ಕಾವಲುಗಾರರ ಮುಖದಲ್ಲಿ ಏರುತ್ತಿದ್ದ ಗಾಬರಿಯೇ ಈಗ ಅವನೊಳಗೆ ಏರಿತು. ಕರೆದವನು ತಾನೇ. ಬಾ ಎಂದಾಗ ಸೋಮಲಿಂಗ ಬಂದಿದ್ದ, ಹಿಂದೆ ಸರಿ ಎಂದಾಗ ಸರಿದಿದ್ದ. ಎಲ್ಲಿಗೆ ಹೋಗು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

"ಯಾರನ್ನ ಹುಡಕಾಕತ್ತೀರಿ, ಅಣ್ಣಾರ?" ಎಂದಳು ಮನೆಯ ಹೆಣ್ಣುಮಗಳು. "ನಾವು ಮೂವರ ಇರೂದು."

"ಹೌದ್ರಿ," ಎಂದ ಮುತ್ತಪ್ಪ.

ಆದರೂ ಅವನು ಹೊಲಗಳ ಕಡೆ ತಿರುಗಿ ಹೆಸರು ಹಿಡಿದು ಕೂಗಿದ. ಒಬ್ಬ ಮನುಷ್ಯ ಹೊಲದ ಆ ಬದುವಿನಿಂದ ಈ ಬದುವಿಗೆ ನಡೆದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಯಾರೂ ಬರಲಿಲ್ಲ. ಆಮೇಲೆ ಸ್ವಿಚ್ ಹಾಕಿದ.

ಈಗ ಅವನ ಕಿಸೆಯಲ್ಲಿ ಪರವಾನಗಿ ಇದೆ. ಹುನಗುಂದದಿಂದ ಬಾದಾಮಿಯತನಕ ಜನ ಅವನನ್ನು ವೈರ್‌ಮನ್ ಮುತ್ತಪ್ಪ ಎಂದೇ ಕರೆಯುತ್ತಾರೆ. ಅವನನ್ನು ಕೆಲಸಕ್ಕೆ ಕರೆದವರಿಗೆ ಒಂದು ಸಂಗತಿ ಗೊತ್ತು. ಕೊನೆಗೆ ಒಂದು ಹೆಸರು ಕೂಗುತ್ತಾನೆ, ಕೂಗಿ ಕಾಯುತ್ತಾನೆ, ಆ ಹೊತ್ತಿನಲ್ಲಿ ಅವನನ್ನು ಅವಸರ ಮಾಡಬಾರದು. ಎಣಿಕೆ ಪ್ರತಿ ಸಲ ಸರಿಯಾಗಿಯೇ ಬರುತ್ತದೆ. ಅವನು ಮಾತ್ರ ಎರಡನೆಯ ಸಲವೂ ಎಣಿಸುತ್ತಾನೆ.